ಮೈಕ್ರೋಬ್ರೂವರಿ ಸ್ಟಾಫ್‌ಗೆ ಬಿಯರ್ ಕಲಿಸುವುದು ಹೇಗೆ: ಟ್ಯಾಪ್‌ನಿಂದ ಟೇಬಲ್‌ವರೆಗೆ ಸಮಗ್ರ ಮಾರ್ಗದರ್ಶಿ

"ಈ ವೀಟ್ ಬಿಯರ್ ಹೇಗಿರುತ್ತೆ?" ಅಂತ ಗ್ರಾಹಕರು ಕೇಳುತ್ತಾರೆ. "ಚೆನ್ನಾಗಿರುತ್ತೆ ಸರ್, ಇದೇ ಜಾಸ್ತಿ ಹೋಗೋದು" ಅಂತ ಉತ್ತರ ಬರುತ್ತದೆ. ಬೆಂಗಳೂರಿನ ಎಷ್ಟೋ ಮೈಕ್ರೋಬ್ರೂವರಿಗಳಲ್ಲಿ, ಅಂದರೆ ಬಿಯರನ್ನು ತಾವೇ ತಯಾರಿಸಿ ಮಾರುವ ಪಬ್‌ಗಳಲ್ಲಿ, ಬಿಯರ್ ಬಗ್ಗೆ ನಡೆಯುವ ಮಾತುಕತೆ ಇಷ್ಟೇ. ಹತ್ತು ಹೆಜ್ಜೆ ಆಚೆ ಗಾಜಿನ ಹಿಂದೆ ಟ್ಯಾಂಕ್‌ಗಳು ನಿಂತಿರುತ್ತವೆ, ಬ್ರೂವರ್ ವಾರಗಟ್ಟಲೆ ಕಾದು ಮಾಡಿದ ಬಿಯರ್ ಅದರೊಳಗೆ ಇರುತ್ತದೆ, ಆದರೆ ಅದನ್ನು ಟೇಬಲ್‌ಗೆ ತರುವ ಹುಡುಗನಿಗೋ ಹುಡುಗಿಗೋ ಅದರ ಬಗ್ಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಇದಕ್ಕೆ ಜವಾಬ್ದಾರರು ಪಬ್ ನಡೆಸುವವರು. ಈ ಬರಹ ಅವರಿಗಾಗಿ: ಮಾಲೀಕರು, ಮ್ಯಾನೇಜರ್‌ಗಳು, ಶಿಫ್ಟ್ ನೋಡಿಕೊಳ್ಳುವವರು.

ಅಂಗಡಿಯ ಬಾಟಲಿ ಬಿಯರ್‌ಗೆ ಲೇಬಲ್ ಇದೆ, ಎಲ್ಲರಿಗೂ ಗೊತ್ತಿರುವ ಹೆಸರಿದೆ. ನಿಮ್ಮ ಟ್ಯಾಂಕಿನ ಬಿಯರ್‌ಗೆ ಅದ್ಯಾವುದೂ ಇಲ್ಲ. ಅದರ ಪರಿಚಯ ಮಾಡಿಕೊಡುವುದು ನಿಮ್ಮ ಸ್ಟಾಫ್‌ನ ಬಾಯಿ ಮಾತ್ರ. ಇಂದಿರಾನಗರದಲ್ಲಿ ಟಾಯ್ಟ್ ಅನ್ನುವ ಮೈಕ್ರೋಬ್ರೂವರಿ ಶುರುವಾಗಿದ್ದು 2010ರಲ್ಲಿ. ಆಗ ಬಂದವರಲ್ಲಿ ಬಹಳ ಜನ ಕ್ರಾಫ್ಟ್ ಬಿಯರ್ (ಚಿಕ್ಕ ಬ್ರೂವರಿಗಳ ಬಿಯರ್) ಅನ್ನೇ ಮೊದಲ ಸಲ ಕುಡಿಯುತ್ತಿದ್ದರು. ಈಗ ಹಾಗಿಲ್ಲ. ಒಂದೇ ಟೇಬಲ್‌ನಲ್ಲಿ ಹತ್ತಾರು ಕಡೆ ಕುಡಿದು ಬಂದ ಒಬ್ಬರು ಇರುತ್ತಾರೆ, ಇದುವರೆಗೆ ಕಿಂಗ್‌ಫಿಶರ್ ಬಿಟ್ಟು ಬೇರೆ ಮುಟ್ಟದ ಇನ್ನೊಬ್ಬರು ಇರುತ್ತಾರೆ. ಇಬ್ಬರಿಗೂ ಒಂದೇ ಸರ್ವರ್ ಉತ್ತರ ಕೊಡಬೇಕು.

ಹೆಜ್ಜೆ 1: ಪ್ರತಿ ಬಿಯರ್‌ಗೆ ಅರ್ಧ ಪುಟ

ಬ್ರೂವರ್ ಜೊತೆ ಕೂತು ಟ್ಯಾಪ್‌ನಲ್ಲಿರುವ ಪ್ರತಿ ಬಿಯರ್ ಬಗ್ಗೆ ಅರ್ಧ ಪುಟ ಬರೆಯಿರಿ. ಅದಕ್ಕಿಂತ ಜಾಸ್ತಿ ಬೇಡ, ಯಾರೂ ಓದುವುದಿಲ್ಲ. ಹೆಸರು, ಶೈಲಿ, ಆಲ್ಕೋಹಾಲ್ ಶೇಕಡಾ ಎಷ್ಟು, ಯಾವ ಗ್ಲಾಸ್, ಮೂಗಿಗೆ ಏನು ಬರುತ್ತದೆ, ನಾಲಿಗೆಗೆ ಏನು ಸಿಗುತ್ತದೆ, ಯಾರಿಗೆ ಹಿಡಿಸುತ್ತದೆ, ಯಾರಿಗೆ ಹಿಡಿಸಲಿಕ್ಕಿಲ್ಲ. ಈ ಕೊನೆಯ ಸಾಲನ್ನು ಬಿಡಲೇಬೇಡಿ. "ನಿಮಗೆ ಕಹಿ ಇಷ್ಟ ಇಲ್ಲ ಅಂದ್ರೆ ಇದು ಬೇಡ ಮೇಡಂ" ಅಂತ ಹೇಳಬಲ್ಲ ಸರ್ವರ್‌ನ ಮುಂದಿನ ಮಾತನ್ನು ಗ್ರಾಹಕರು ನಂಬುತ್ತಾರೆ.

ರುಚಿಗೆ ಬಳಸುವ ಮಾತು ಅಡುಗೆಮನೆಯಿಂದ ಬರಲಿ. ಸ್ಮೂತ್, ರಿಫ್ರೆಶಿಂಗ್ ಅಂತ ಬರೆದರೆ ಯಾವ ಬಿಯರ್ ಅಂತಲೇ ತಿಳಿಯುವುದಿಲ್ಲ. ವೀಟ್ ಬಿಯರ್‌ನ ಹಾಳೆ ಹೀಗಿರಬಹುದು:

"ಬವೇರಿಯಾ ಶೈಲಿಯ ಗೋಧಿ ಬಿಯರ್. ಸುಮಾರು 5%. ಮಬ್ಬಾಗಿರುತ್ತದೆ, ಹಾಗೇ ಇರಬೇಕು. ಮೊದಲು ಮಾಗಿದ ಬಾಳೆಹಣ್ಣಿನ ಪರಿಮಳ, ಹಿಂದೆಯೇ ಸ್ವಲ್ಪ ಲವಂಗ. ಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ, ಎರಡೂ ಯೀಸ್ಟ್‌ನಿಂದ ಬಂದದ್ದು. ಕಹಿ ತೀರ ಕಡಿಮೆ. ಐಪಿಎ (ಇಂಡಿಯಾ ಪೇಲ್ ಏಲ್, ಕಹಿ ಜಾಸ್ತಿ ಇರುವ ಬಿಯರ್) ಕುಡಿಯುವವರಿಗೆ ಸಪ್ಪೆ ಅನ್ನಿಸಬಹುದು."

ಬೆಲ್ಜಿಯಂ ಶೈಲಿಯ ವಿಟ್ ಕೂಡ ಗೋಧಿ ಬಿಯರೇ, ಅದೂ ಮಬ್ಬಾಗಿಯೇ ಇರುತ್ತದೆ. ಆದರೆ ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜವನ್ನು ನಿಜವಾಗಿಯೂ ಹಾಕುತ್ತಾರೆ. ಈ ಎರಡನ್ನು ಗೊಂದಲ ಮಾಡಿಕೊಳ್ಳದ ಸ್ಟಾಫ್ ಕಡಿಮೆ. ನಿಮ್ಮಲ್ಲಿ ಎರಡೂ ಇದ್ದರೆ ಹಾಳೆಗಳನ್ನು ಪಕ್ಕಪಕ್ಕ ಅಂಟಿಸಿ.

ಹಾಳೆಯ ಮೇಲೆ ಬ್ಯಾಚ್‌ನ ತಾರೀಖು ಇರಲಿ. ಮಾವಿನ ಕಾಲದಲ್ಲಿ ಮಾವಿನ ಬಿಯರ್ ಬರುತ್ತದೆ, ಚಿಕ್ಕಮಗಳೂರು ಕಾಫಿ ಹಾಕಿದ ಸ್ಟೌಟ್ ಅನ್ನುವ ಕಪ್ಪು ಬಿಯರ್ ಬರುತ್ತದೆ, ಬೆಲ್ಲ ಹಾಕಿದ್ದು ಬರುತ್ತದೆ. ಇಂಥ ಬಿಯರ್‌ಗಳಲ್ಲಿ ಗ್ರಾಹಕರು ಮೊದಲು ಕೇಳುವುದು "ನಿಜವಾದ ಹಣ್ಣು ಹಾಕಿದ್ದೀರಾ, ಎಸೆನ್ಸಾ?" ಅಂತ. ಉತ್ತರ ಏನೇ ಇರಲಿ, ಹಾಳೆಯಲ್ಲಿ ಸತ್ಯವಾಗಿ ಬರೆದಿರಲಿ.

ಹೆಜ್ಜೆ 2: ಟ್ಯಾಂಕ್ ಪಕ್ಕದಲ್ಲಿ ಒಂದು ಗಂಟೆಯ ಪಾಠ

ಹೊಸಬರು ಸೇರಿದ ಮೊದಲ ದಿನಗಳಲ್ಲೇ ಬ್ರೂವರ್ ಅವರನ್ನು ಒಳಗೆ ಕರೆದುಕೊಂಡು ಹೋಗಲಿ. ಬಿಯರ್‌ಗೆ ನಾಲ್ಕು ವಸ್ತು: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಕೈಗೆ ಕೊಟ್ಟು ಅಗಿಯಲು ಹೇಳಿ. ತಿಳಿ ಬಣ್ಣದ ಮಾಲ್ಟ್‌ನಲ್ಲಿ ಬಿಸ್ಕತ್ತಿನ ರುಚಿ ಸಿಗುತ್ತದೆ, ಹುರಿದದ್ದರಲ್ಲಿ ಕಾಫಿಯ ಕಹಿ. ಹಾಪ್ಸ್ ಒಂದು ಬಳ್ಳಿಯ ಹೂವು, ಬ್ರೂವರಿಗೆ ಹೆಚ್ಚಾಗಿ ಹಸಿರು ಗುಳಿಗೆಯಾಗಿ ಬರುತ್ತದೆ. ಅಂಗೈಯಲ್ಲಿ ಉಜ್ಜಿ ಮೂಸಲಿ. ಇಷ್ಟು ಮಾಡಿದವರು "ಹಾಪ್ಸ್ ಅಂದ್ರೇನು?" ಅನ್ನುವ ಪ್ರಶ್ನೆಗೆ ಮತ್ತೆಂದೂ ತಡವರಿಸುವುದಿಲ್ಲ.

ಆಮೇಲೆ ಕೆಲಸದ ಕ್ರಮ. ಪುಡಿ ಮಾಡಿದ ಮಾಲ್ಟನ್ನು ಸುಮಾರು 65 ಡಿಗ್ರಿ ನೀರಿನಲ್ಲಿ ಒಂದು ಗಂಟೆಯಷ್ಟು ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಸೋಸಿ ಹಾಪ್ಸ್ ಹಾಕಿ ಕುದಿಸುತ್ತಾರೆ. ಮೊದಲು ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಗೆ ಹಾಕಿದ್ದು ಪರಿಮಳ ಕೊಡುತ್ತದೆ. ತಣ್ಣಗೆ ಮಾಡಿ ಯೀಸ್ಟ್ ಬೆರೆಸುತ್ತಾರೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬಿರುವುದನ್ನು ನೋಡಿದವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ: ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ.

ಏಲ್ ಮತ್ತು ಲಾಗರ್ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಿ. ಏಲ್ ಯೀಸ್ಟ್ ಸಾಮಾನ್ಯವಾಗಿ 18ರಿಂದ 22 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ, ಎರಡು ಮೂರು ವಾರದಲ್ಲಿ ಬಿಯರ್ ಸಿದ್ಧ. ಲಾಗರ್ ಯೀಸ್ಟ್‌ಗೆ 8ರಿಂದ 13 ಡಿಗ್ರಿಯ ತಂಪು ಬೇಕು, ಆಮೇಲೆ ಇನ್ನೂ ತಣ್ಣಗೆ ಮಲಗಿಸಬೇಕು, ಎಲ್ಲಾ ಸೇರಿ ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಜಾಸ್ತಿಯೇ. "ಲಾಗರ್ ಯಾಕೆ ಇವತ್ತು ಇಲ್ಲ?" ಅಂತ ಬೇಜಾರಾದವರಿಗೆ "ಸ್ಟಾಕ್ ಇಲ್ಲ ಸರ್" ಅನ್ನುವ ಬದಲು "ಅದು ಟ್ಯಾಂಕಲ್ಲಿದೆ ಸರ್, ಇನ್ನೂ ಹತ್ತು ದಿನ ಬೇಕು ಅಂತ ಬ್ರೂವರ್ ಹೇಳಿದ್ದಾರೆ" ಅಂದರೆ ಅವರು ಮತ್ತೆ ಬರುತ್ತಾರೆ.

ಇನ್ನೆರಡು ವಿಷಯ ಇದೇ ಪಾಠದಲ್ಲಿ ಮುಗಿಸಿ. ಒಂದು, ಬಣ್ಣಕ್ಕೂ ಅಮಲಿಗೂ ಸಂಬಂಧ ಇಲ್ಲ. ಕಪ್ಪು ಬಣ್ಣ ಹುರಿದ ಮಾಲ್ಟ್ ಮತ್ತು ಹುರಿದ ಬಾರ್ಲಿಯಿಂದ ಬರುತ್ತದೆ. ಐರ್ಲೆಂಡಿನ ಗಿನ್ನೆಸ್ ಡ್ರಾಟ್ ಕಪ್ಪಗಿದ್ದರೂ ಅದರಲ್ಲಿ ಆಲ್ಕೋಹಾಲ್ 4.2% ಅಷ್ಟೇ, ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಹೊನ್ನಿನ ಬಣ್ಣದ ಸ್ಟ್ರಾಂಗ್ ಬಿಯರ್ 8% ಹತ್ತಿರ ಹೋಗುತ್ತದೆ.

ಎರಡನೆಯದು, "ಸ್ಟ್ರಾಂಗ್ ಯಾವುದಿದೆ?" ಅನ್ನುವ ಪ್ರಶ್ನೆ. ಇದು ದಿನಾ ಬರುತ್ತದೆ. ಕೇಳಿದವರನ್ನು ಕೀಳಾಗಿ ನೋಡಬಾರದು, ಇದನ್ನು ಖಡಾಖಂಡಿತವಾಗಿ ಹೇಳಿ. ಸ್ಟ್ರಾಂಗ್ ಅಂದರೆ ಅವರ ಮನಸ್ಸಲ್ಲಿ ಅಮಲು ಇದೆಯೋ, ಗಾಢ ರುಚಿ ಇದೆಯೋ, ಕಹಿ ಇದೆಯೋ ಅಂತ ಕೇಳಿ ತಿಳಿದುಕೊಳ್ಳಬೇಕು. ಜೊತೆಗೆ ಒಂದು ಲೆಕ್ಕ ಎಲ್ಲರಿಗೂ ಬಾಯಿಪಾಠ ಆಗಿರಲಿ: 5% ಇರುವ 500 ಎಂಎಲ್ ಬಿಯರ್‌ನಲ್ಲಿ 25 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮ ವಿಸ್ಕಿ ಸಾಮಾನ್ಯವಾಗಿ 42.8%, ಹಾಗಾಗಿ ಎರಡು 30 ಎಂಎಲ್ ಪೆಗ್ ಕೂಡ ಹೆಚ್ಚುಕಮ್ಮಿ ಅಷ್ಟೇ. "ಬರೀ ಬಿಯರ್ ತಾನೇ" ಅನ್ನುವ ಮಾತು ಸ್ಟಾಫ್ ಬಾಯಲ್ಲಿ ಬರಬಾರದು.

ಐಪಿಎಯಲ್ಲಿ ಇಂಡಿಯಾ ಹೆಸರು ಯಾಕೆ ಬಂತು ಅಂತಲೂ ಜನ ಕೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣ ಮಾಡಿ ಇಲ್ಲಿಗೆ ಬರುತ್ತಿದ್ದ ಪೇಲ್ ಏಲ್‌ಗೆ ಹಾಪ್ಸ್ ಜಾಸ್ತಿ ಹಾಕುತ್ತಿದ್ದರು, ಹಾಪ್ಸ್ ಬಿಯರ್ ಬೇಗ ಕೆಡದಂತೆ ತಡೆಯುತ್ತದೆ. ಇವತ್ತಿನ ಐಪಿಎಗಳಲ್ಲಿ ಸಿಗುವ ಕಿತ್ತಳೆ, ಮಾವು, ಪೈನ್ ಮರದ ಪರಿಮಳ ಮಾತ್ರ ಹೆಚ್ಚಾಗಿ ಅಮೆರಿಕದ ಹಾಪ್ಸ್‌ನದು. ಈ ಎರಡು ಸಾಲು ಸಾಕು, ಇತಿಹಾಸದ ಭಾಷಣ ಬೇಡ.

ಹೆಜ್ಜೆ 3: ದಿನಾ ಹದಿನೈದು ನಿಮಿಷ ರುಚಿ ನೋಡುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಶಿಫ್ಟ್ ಶುರುವಾಗುವ ಮುಂಚೆ ಎಲ್ಲರೂ ಬಾರ್ ಹತ್ತಿರ ಸೇರಬೇಕು. ದಿನಕ್ಕೆ ಎರಡೇ ಟ್ಯಾಪ್, ಒಬ್ಬೊಬ್ಬರಿಗೆ ಒಂದೊಂದರಲ್ಲಿ 30 ಎಂಎಲ್. ಎಲ್ಲಾ ಟ್ಯಾಪ್ ಒಂದೇ ದಿನ ಅಂತ ಹೋದರೆ ಕೆಲಸ ಶುರುವಾಗುವ ಮೊದಲೇ ಒಂದು ಗ್ಲಾಸ್ ಒಳಗೆ ಹೋಗಿರುತ್ತದೆ. ಉಗುಳಲು ಒಂದು ಪಾತ್ರೆ ಇಡಿ, ಅದರಲ್ಲಿ ನಾಚಿಕೆ ಏನಿಲ್ಲ.

ನಿಮ್ಮ ಸ್ಟಾಫ್‌ನಲ್ಲಿ ಕುಡಿಯದವರು ಇದ್ದೇ ಇರುತ್ತಾರೆ. ಧರ್ಮದ ಕಾರಣಕ್ಕೋ, ಮನೆಯವರಿಗೆ ಕೊಟ್ಟ ಮಾತಿಗೋ, ಸುಮ್ನೆ ಇಷ್ಟ ಇಲ್ಲದೆಯೋ. ಯಾರನ್ನೂ ಒತ್ತಾಯ ಮಾಡಬೇಡಿ, ತಮಾಷೆಗೂ ಬೇಡ. ರುಚಿ ಅಂತ ನಾವು ಅಂದುಕೊಳ್ಳುವುದರಲ್ಲಿ ಬಹುಪಾಲು ಮೂಗಿನ ಕೆಲಸ, ಹಾಗಾಗಿ ಮೂಸಿಯೇ ತುಂಬಾ ಕಲಿಯಬಹುದು. 21 ತುಂಬದವರಿದ್ದರೆ ಅವರಿಗೂ ಮೂಸುವುದು ಮಾತ್ರ.

ಕ್ರಮ ಹೀಗೆ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಬೇಕು. ಪರಿಮಳ ಬೇಗ ಹಾರಿಹೋಗುತ್ತದೆ, ಅದಕ್ಕೇ ಕುಡಿಯುವ ಮುಂಚೆ ಮೂಸಬೇಕು. ಆಮೇಲೆ ಒಂದು ಗುಟುಕು. ಪ್ರತಿಯೊಬ್ಬರೂ ಬೇರೆಯವರ ಮಾತು ಕೇಳುವ ಮುಂಚೆ ಒಂದು ಪದ ಚೀಟಿಯಲ್ಲಿ ಬರೆಯಬೇಕು. ಮ್ಯಾನೇಜರ್ ಮೊದಲು ಬಾಯಿ ತೆರೆದರೆ ಮುಗಿಯಿತು, ಎಲ್ಲರಿಗೂ ಅದೇ ರುಚಿ ಕಾಣಿಸುತ್ತದೆ. ಒಡಿಶಾದವರು, ಮಣಿಪುರದವರು, ಹಾಸನದವರು ಒಂದೇ ಬಿಯರ್‌ಗೆ ಬೇರೆ ಬೇರೆ ಪದ ಕೊಡುತ್ತಾರೆ, ಅದರಲ್ಲಿ ಚೆನ್ನಾಗಿರುವುದನ್ನು ಹಾಳೆಗೆ ಸೇರಿಸಿ.

ಸ್ವಲ್ಪ ಪಳಗಿದ ಮೇಲೆ ಕೆಟ್ಟ ರುಚಿಗಳನ್ನೂ ಕಲಿಸಬೇಕು. ಬೆಣ್ಣೆ ಅಥವಾ ಬಟರ್‌ಸ್ಕಾಚ್ ವಾಸನೆ ಬಂದರೆ ಬಿಯರ್ ಪೂರ್ತಿ ಹದವಾಗುವ ಮುಂಚೆ ಟ್ಯಾಂಕಿನಿಂದ ತೆಗೆದಿರಬಹುದು, ಇಲ್ಲವೇ ಪೈಪ್ ಕೊಳೆಯಾಗಿರಬಹುದು. ಹಸಿರು ಸೇಬಿನ ವಾಸನೆಯೂ ಹೆಚ್ಚಾಗಿ ಎಳೆ ಬಿಯರ್‌ನ ಗುರುತು. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸುವ ಹಂತದ ಕಡೆ ಬ್ರೂವರ್ ನೋಡಬೇಕು. ಒದ್ದೆ ರಟ್ಟಿನ ರುಚಿ ಗಾಳಿ ತಾಗಿ ಹಳೆಯದಾದ ಬಿಯರ್‌ನದು. ವಿನೆಗರ್ ಹುಳಿ ಬಂದರೆ ಮೊದಲು ಟ್ಯಾಪ್ ಮತ್ತು ಪೈಪ್ ನೋಡಿ. ಆದರೆ ಎಲ್ಲವನ್ನೂ ಶೈಲಿಗೆ ಹೋಲಿಸಿಯೇ ಹೇಳಬೇಕು. ವೀಟ್ ಬಿಯರ್‌ನಲ್ಲಿ ಲವಂಗದ ವಾಸನೆ ಬಂದರೆ ಸಂತೋಷ, ಅದೇ ಪಿಲ್ಸ್ನರ್ ಅನ್ನುವ ತಿಳಿ ಬಣ್ಣದ ಲಾಗರ್‌ನಲ್ಲಿ ಬಂದರೆ ಏನೋ ಎಡವಟ್ಟಾಗಿದೆ.

ಇದನ್ನು ತೋರಿಸಲು ದುಬಾರಿ ಸಾಮಾನು ಬೇಕಿಲ್ಲ. ತಿಳಿ ಗಾಜಿನ ಅಥವಾ ಹಸಿರು ಬಾಟಲಿಯ ಬಿಯರನ್ನು ಮಧ್ಯಾಹ್ನದ ಬಿಸಿಲಲ್ಲಿ ಇಟ್ಟು, ನೆರಳಲ್ಲಿಟ್ಟ ಅದೇ ಬಿಯರ್ ಜೊತೆ ಮೂಸಲು ಕೊಡಿ. ಬೆಳಕು ಹಾಪ್ಸ್‌ನ ಅಂಶವನ್ನು ಕೆಡಿಸಿ ಗಬ್ಬು ವಾಸನೆ ತರುತ್ತದೆ. ಒಂದು ಗ್ಲಾಸಿಗೆ ನಾಲ್ಕು ಹನಿ ವಿನೆಗರ್ ಹಾಕಿ ಯಾವುದರಲ್ಲಿದೆ ಅಂತ ಹುಡುಕಲು ಹೇಳಿ.

ಹೆಜ್ಜೆ 4: ಗ್ಲಾಸ್, ಪೈಪ್, ನೊರೆ

ಒಳ್ಳೆಯ ಬಿಯರ್ ಕೊಳಕು ಗ್ಲಾಸಿನಲ್ಲಿ ಸಾಯುತ್ತದೆ. ಕಣ್ಣಿಗೆ ಫಳಫಳ ಕಂಡರೆ ಸಾಲದು. ಎಣ್ಣೆಯ ತೆಳು ಪದರ, ಸೋಪಿನ ಉಳಿಕೆ, ಲಿಪ್‌ಸ್ಟಿಕ್, ಇವು ನೊರೆಯನ್ನು ಒಡೆಯುತ್ತವೆ. ಬಿಯರ್ ಗ್ಲಾಸನ್ನು ಕಬಾಬ್ ತಟ್ಟೆಗಳ ಜೊತೆ ಒಂದೇ ಸಿಂಕಿನಲ್ಲಿ ತೊಳೆಯಬಾರದು, ಹಾಲು, ಮಿಲ್ಕ್‌ಶೇಕ್‌ಗೆ ಬಳಸಬಾರದು. ತೊಳೆದ ಮೇಲೆ ಬಟ್ಟೆಯಿಂದ ಒರೆಸಬಾರದು, ಜಾಲರಿಯ ಮೇಲೆ ಬೋರಲು ಹಾಕಿ ಗಾಳಿಗೆ ಒಣಗಿಸಬೇಕು.

ಪರೀಕ್ಷೆ ಸುಲಭ. ಗ್ಲಾಸನ್ನು ನೀರಿನಲ್ಲಿ ಅದ್ದಿ ಎತ್ತಿ. ನೀರು ಒಂದೇ ಪದರವಾಗಿ ಇಳಿದರೆ ಚೊಕ್ಕ, ಹನಿಹನಿಯಾಗಿ ಒಡೆದರೆ ಜಿಡ್ಡಿದೆ. ಒದ್ದೆ ಗ್ಲಾಸಿನ ಒಳಗೆ ಉಪ್ಪು ಉದುರಿಸಿದರೂ ತಿಳಿಯುತ್ತದೆ, ಜಿಡ್ಡಿರುವ ಕಡೆ ಉಪ್ಪು ಅಂಟುವುದಿಲ್ಲ. ಟೇಬಲ್‌ಗೆ ಹೋದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡಿದ್ದರೆ ಅದು ಕೊಳೆಯ ಗುರುತು. ಸರ್ವರ್ ತಾನೇ ನೋಡಿ ವಾಪಸ್ ತೆಗೆದುಕೊಂಡು ಹೋಗಬೇಕು, ಗ್ರಾಹಕರು ಹೇಳುವವರೆಗೆ ಕಾಯಬಾರದು.

ಪೈಪ್‌ಗಳನ್ನು ಎರಡು ವಾರಕ್ಕೊಮ್ಮೆ ಕ್ಷಾರದ ದ್ರಾವಣದಿಂದ ತೊಳೆಯಬೇಕು, ಟ್ಯಾಪ್ ಬಿಚ್ಚಿ ಉಜ್ಜಬೇಕು. ತೊಳೆದ ತಾರೀಖು ಬಾರ್ ಹಿಂದೆ ಎಲ್ಲರಿಗೂ ಕಾಣುವ ಹಾಗೆ ಬರೆದಿರಲಿ.

ಸುರಿಯುವುದು: ಗ್ಲಾಸನ್ನು 45 ಡಿಗ್ರಿ ಓರೆ ಮಾಡಿ ಟ್ಯಾಪನ್ನು ಒಮ್ಮೆಲೇ ಪೂರ್ತಿ ತೆರೆಯಿರಿ, ಅರ್ಧ ದಾಟಿದ ಮೇಲೆ ನೇರ ಮಾಡಿ. ಟ್ಯಾಪ್‌ನ ಮೂತಿ ಗ್ಲಾಸಿಗಾಗಲಿ ಬಿಯರಿಗಾಗಲಿ ತಾಗಬಾರದು. ಮೇಲೆ ಸುಮಾರು ಒಂದು ಇಂಚು ನೊರೆ ಇರಬೇಕು, ವೀಟ್ ಬಿಯರ್‌ಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಚೆಂದ. ಇಲ್ಲಿ ಜಗಳ ಬರುತ್ತದೆ. "ಅರ್ಧ ನೊರೆ ಕೊಟ್ಟು ದುಡ್ಡು ಹೊಡೀತಾರೆ" ಅಂತ ಜನಕ್ಕೆ ಅನುಮಾನ, ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಸರಿಯಾದ ದಾರಿ ಅಂದರೆ ಅಳತೆಗೆರೆ ಇರುವ, ಗೆರೆಯ ಮೇಲೆ ನೊರೆಗೆ ಜಾಗ ಇರುವ ಗ್ಲಾಸ್ ಕೊಳ್ಳುವುದು. ಆಗ "ಗೆರೆ ತನಕ ಪೂರ್ತಿ ಬಿಯರ್ ಇದೆ ಸರ್, ನೊರೆ ಅದರ ಮೇಲೆ. ಪರಿಮಳ ಅದರಿಂದಲೇ ಬರೋದು" ಅಂತ ಧೈರ್ಯವಾಗಿ ತೋರಿಸಬಹುದು. ಗೆರೆ ಮುಟ್ಟದಿದ್ದರೆ ವಾದ ಮಾಡದೆ ತುಂಬಿಸಿ ಕೊಡಿ.

ಫ್ರೀಜರ್‌ನಲ್ಲಿಟ್ಟ ಮಗ್ ಬೇಡ ಅನ್ನುವವನು ನಾನು. ಒಳಗಿನ ಹಿಮ ಕರಗಿ ಬಿಯರ್ ನೀರಾಗುತ್ತದೆ, ವಿಪರೀತ ತಣ್ಣಗಿದ್ದರೆ ನಾಲಿಗೆಗೆ ರುಚಿಯೇ ಗೊತ್ತಾಗುವುದಿಲ್ಲ. ಲಾಗರ್, ವೀಟ್ ಬಿಯರ್ 4ರಿಂದ 7 ಡಿಗ್ರಿಯಲ್ಲಿ ಚೆನ್ನ. ಸ್ಟೌಟ್‌ಗೆ 10 ಡಿಗ್ರಿ ಆಸುಪಾಸು ಇದ್ದರೆ ಅದರ ಕಾಫಿ, ಚಾಕೊಲೇಟ್ ಬಿಚ್ಚಿಕೊಳ್ಳುತ್ತದೆ. ಆದರೂ ಗ್ರಾಹಕರು ತಣ್ಣನೆ ಮಗ್ಗೇ ಬೇಕು ಅಂದರೆ ಕೊಡಿ. ಅವರ ದುಡ್ಡು, ಅವರ ಸಂಜೆ.

ಹೆಜ್ಜೆ 5: ಟೇಬಲ್ ಬಳಿ ಮಾತು

ಮೊದಲ ಮಾತು ಕನ್ನಡದಲ್ಲಿರಲಿ. ನಿಮ್ಮ ಸ್ಟಾಫ್‌ನಲ್ಲಿ ಹೊರರಾಜ್ಯದವರು ಜಾಸ್ತಿ ಇದ್ದರೆ ಅದಕ್ಕೇ ಒಂದು ವಾರದ ಅಭ್ಯಾಸ ಮಾಡಿಸಿ: "ನಮಸ್ಕಾರ, ಎಷ್ಟು ಜನ ಇದ್ದೀರಿ?", "ಇಲ್ಲಿಗೆ ಮೊದಲ ಸಲ ಬರ್ತಿದ್ದೀರಾ?", "ಸ್ವಲ್ಪ ರುಚಿ ನೋಡ್ತೀರಾ?", "ಬಿಲ್ ತರಲಾ?" ಇಷ್ಟು ಬಂದರೆ ಮುಂದೆ ಇಂಗ್ಲಿಷೋ ಹಿಂದಿಯೋ ಟೇಬಲ್‌ನವರು ಆರಿಸಿಕೊಳ್ಳುತ್ತಾರೆ. ಮಲ್ಲೇಶ್ವರದಲ್ಲೋ ಮೈಸೂರು ರಸ್ತೆಯಲ್ಲೋ ಹುಟ್ಟಿ ಬೆಳೆದವರನ್ನು ಅವರ ಊರಿನ ಪಬ್‌ನಲ್ಲೇ ಪರಭಾಷೆಯಲ್ಲಿ ಮಾತಾಡಿಸಿದರೆ ಬಿಯರ್ ಬರುವ ಮುಂಚೆಯೇ ಮನಸ್ಸು ಕೆಟ್ಟಿರುತ್ತದೆ.

ಆಮೇಲೆ ಎರಡು ಪ್ರಶ್ನೆ. "ಸಾಮಾನ್ಯವಾಗಿ ಏನು ಕುಡೀತೀರಿ?" ಮತ್ತು "ಕಹಿ ಇಷ್ಟಾನಾ?" ಕಿಂಗ್‌ಫಿಶರ್ ಅಂದವರಿಗೆ ಲಾಗರ್ ಅಥವಾ ಪಿಲ್ಸ್ನರ್‌ನಿಂದ ಶುರು ಮಾಡಿ. ಫಿಲ್ಟರ್ ಕಾಫಿ ಸಕ್ಕರೆ ಇಲ್ಲದೆ ಕುಡಿಯುವವರು ಅಂತ ಗೊತ್ತಾದರೆ ಸ್ಟೌಟ್ ರುಚಿ ತೋರಿಸಿ, ತುಂಬಾ ಜನ ಅಲ್ಲೇ ನಿಲ್ಲುತ್ತಾರೆ. ಬಿಯರೇ ಬೇಡ ಅನ್ನುವವರಿಗೆ ಸೈಡರ್ ಇದ್ದರೆ ಹೇಳಿ, ಆದರೆ ಅದು ಸೇಬಿನ ರಸದಿಂದ ಮಾಡಿದ್ದು, ಬಿಯರ್ ಅಲ್ಲ ಅಂತಲೂ ಹೇಳಿ.

ಹೆಂಗಸರಿಗೆ ಕೇಳದೆ ಸಿಹಿ ಬಿಯರ್, ಸೈಡರ್ ತೋರಿಸುವ ಚಾಳಿ ಇದೆಯಲ್ಲ, ಅದನ್ನು ಮೊದಲ ದಿನವೇ ಬಿಡಿಸಿ. ಐಪಿಎ ಹೇಳಿದವರು ಯಾರು ಅಂತ ನೆನಪಿಟ್ಟುಕೊಂಡು ಗ್ಲಾಸನ್ನು ಅವರ ಮುಂದೆಯೇ ಇಡಬೇಕು. ಗಂಡಸಿನ ಮುಂದಿಟ್ಟು ಅವರೇ ದಾಟಿಸಲಿ ಅಂತ ಹೋಗಬಾರದು. ಬಿಲ್ ಕೂಡ ಟೇಬಲ್ ಮಧ್ಯದಲ್ಲಿರಲಿ.

ಸ್ಯಾಂಪಲ್ ಕೊಡುವುದರಲ್ಲಿ ಜಿಪುಣತನ ಬೇಡ. ಒಬ್ಬರಿಗೆ ಎರಡು ಮೂರು ಬಿಯರ್, 30 ಎಂಎಲ್ ಲೆಕ್ಕದಲ್ಲಿ ಉಚಿತವಾಗಿ ಕೊಡಿ. ಅದಕ್ಕಿಂತ ಹೆಚ್ಚು ಬೇಕಾದರೆ ದುಡ್ಡಿನ ಸ್ಯಾಂಪ್ಲರ್ ಟ್ರೇ ಇದೆ. ಟ್ರೇಯನ್ನು ಹಗುರದಿಂದ ಗಾಢಕ್ಕೆ ಜೋಡಿಸಿ, ಎಡದಿಂದ ಬಲಕ್ಕೆ ಕುಡಿಯಲು ಹೇಳಿ, ಒಂದೊಂದಕ್ಕೂ ಒಂದೊಂದು ವಾಕ್ಯ. ಐಪಿಎ ಮೊದಲು ಕುಡಿದರೆ ಹಿಂದೆ ಬರುವ ವೀಟ್ ಬಿಯರ್ ನೀರಿನ ಹಾಗೆ ಅನ್ನಿಸುತ್ತದೆ.

ತಿಂಡಿ ಬಗ್ಗೆ ಒಂದು ಮಾತು. ಆಂಧ್ರ ಶೈಲಿಯ ಖಾರದ ಚಿಲ್ಲಿ ಚಿಕನ್ ಜೊತೆ ಐಪಿಎ ಕುಡಿದರೆ ಹಾಪ್ಸ್‌ನ ಕಹಿ ಮತ್ತು ಖಾರ ಒಂದನ್ನೊಂದು ಏರಿಸುತ್ತವೆ. ಕೆಲವರಿಗೆ ಅದೇ ಬೇಕು, ಬೇಡದವರಿಗೆ ವೀಟ್ ಬಿಯರ್ ಹೇಳಿ, ಖಾರ ತಗ್ಗುತ್ತದೆ. ಕುಂದಾಪುರದ ಘೀ ರೋಸ್ಟ್‌ನಂಥ ತುಪ್ಪದ ಗಾಢ ಮಸಾಲೆಗೆ ಮಾಲ್ಟ್ ಜಾಸ್ತಿ ಇರುವ ಕೆಂಪು ಏಲ್ ಹೊಂದುತ್ತದೆ. ಈರುಳ್ಳಿ ಬಜ್ಜಿ, ಮಸಾಲೆ ಕಡಲೆಬೀಜಕ್ಕೆ ತಣ್ಣನೆ ಪಿಲ್ಸ್ನರ್‌ಗಿಂತ ಬೇರೆ ಬೇಕಿಲ್ಲ.

ಹೆಜ್ಜೆ 6: "ಇದು ಸರಿ ಇಲ್ಲ" ಅಂದಾಗ

ಪಬ್‌ನ ಯೋಗ್ಯತೆ ಗೊತ್ತಾಗುವುದು ಇಲ್ಲೇ. ನಿಯಮ ಒಂದೇ: ಸರ್ವರ್‌ಗೆ ಯಾರನ್ನೂ ಕೇಳದೆ ಒಂದು ಗ್ಲಾಸ್ ಬದಲಾಯಿಸುವ ಅಧಿಕಾರ ಇರಬೇಕು. ಆ ಗ್ಲಾಸಿನ ದುಡ್ಡು ಅವರ ಸಂಬಳದಿಂದಾಗಲಿ ಟಿಪ್ಸ್‌ನಿಂದಾಗಲಿ ಕಡಿತ ಆಗಬಾರದು. ಕಡಿತದ ಭಯ ಇರುವ ಸರ್ವರ್ ಗ್ರಾಹಕರ ಜೊತೆ ವಾದಕ್ಕೆ ನಿಲ್ಲುತ್ತಾರೆ, ಅದು ಮನುಷ್ಯ ಸಹಜ.

ದೂರು ಬಂದ ಕೂಡಲೇ "ಕ್ಷಮಿಸಿ, ಏನು ಅನ್ನಿಸ್ತು ಹೇಳಿ" ಅಂತ ಕೇಳಬೇಕು. "ಅದು ಹಾಗೇ ಇರೋದು ಸರ್" ಅನ್ನುವುದು ಬೇಡವೇ ಬೇಡ. ಗ್ಲಾಸ್ ತೆಗೆದುಕೊಂಡು ಹೋಗಿ, ಬಾರ್‌ನಲ್ಲಿ ಅದೇ ಟ್ಯಾಪ್‌ನಿಂದ ಹೊಸದಾಗಿ ಸ್ವಲ್ಪ ಹಿಡಿದು ಮೂಸಿ, ರುಚಿ ನೋಡಿ. ಕೆಟ್ಟಿದ್ದರೆ ಆ ಟ್ಯಾಪ್ ಆ ಕ್ಷಣವೇ ಬಂದ್, ಬ್ರೂವರ್‌ಗೆ ಸುದ್ದಿ, ಅದೇ ಬಿಯರ್ ಕುಡಿಯುತ್ತಿರುವ ಬೇರೆ ಟೇಬಲ್‌ಗಳಿಗೂ ನೀವೇ ಹೋಗಿ ಹೇಳಿ. ಕೆಟ್ಟಿಲ್ಲ, ಅವರಿಗೆ ಹಿಡಿಸಲಿಲ್ಲ ಅಷ್ಟೇ ಅಂದರೂ ಬದಲಾಯಿಸಿ, ಈ ಸಲ ಸ್ಯಾಂಪಲ್ ಕೊಟ್ಟು. ಹುಳಿ ಬಿಯರ್‌ಗಳಲ್ಲಿ ಇದು ಜಾಸ್ತಿ ಆಗುತ್ತದೆ, ಹಾಗಾಗಿ ಸೋರ್ ಶೈಲಿಯ ಆರ್ಡರ್ ತೆಗೆದುಕೊಳ್ಳುವಾಗಲೇ "ಇದು ಹುಣಸೆಹಣ್ಣಿನ ಹುಳಿ ಥರ ಇರುತ್ತೆ, ಒಂದು ಗುಟುಕು ನೋಡಿ ಹೇಳಿ" ಅನ್ನಬೇಕು.

ಎಲ್ಲಾ ದೂರುಗಳೂ ಒಂದು ಪುಸ್ತಕದಲ್ಲಿ ಬರಲಿ: ತಾರೀಖು, ಟ್ಯಾಪ್, ಬ್ಯಾಚ್, ಗ್ರಾಹಕರು ಹೇಳಿದ ಪದ. ಒಂದೇ ಟ್ಯಾಪ್ ಬಗ್ಗೆ ಒಂದೇ ವಾರದಲ್ಲಿ ಮೂವರು "ಬೆಣ್ಣೆ" ಅಂದಿದ್ದರೆ ಬ್ರೂವರ್ ಅದನ್ನು ನೋಡಲೇಬೇಕು.

ಹೆಜ್ಜೆ 7: ತಪ್ಪಿದರೆ ದುಬಾರಿಯಾಗುವ ವಿಷಯಗಳು

ವಯಸ್ಸು. ಬೆಂಗಳೂರಿನ ಪಬ್‌ಗಳಲ್ಲಿ 21 ಅನ್ನುವುದು ರೂಢಿ. ಚಿಕ್ಕವರಂತೆ ಕಂಡವರೆಲ್ಲರ ಗುರುತಿನ ಚೀಟಿ ನೋಡಬೇಕು, ಅದು ಬಾಗಿಲಲ್ಲೇ ಆದರೆ ಟೇಬಲ್‌ನಲ್ಲಿ ಮುಜುಗರ ಇರುವುದಿಲ್ಲ.

ವೆಜ್ಜಾ, ನಾನ್‌ವೆಜ್ಜಾ? ನಮ್ಮೂರಿನಲ್ಲಿ ಇದು ಗಂಭೀರ ಪ್ರಶ್ನೆ. ಬಿಯರ್ ತಿಳಿಯಾಗಲು ಕೆಲವು ಬ್ರೂವರಿಗಳು ಮೀನಿನ ಈಜುಚೀಲದಿಂದ ಮಾಡಿದ ಐಸಿಂಗ್ಲಾಸ್ ಅಥವಾ ಪ್ರಾಣಿಮೂಲದ ಜೆಲಟಿನ್ ಬಳಸುತ್ತವೆ. ಐರಿಶ್ ಮಾಸ್ ಅನ್ನುವುದು ಮಾತ್ರ ಕಡಲಪಾಚಿ, ಅದು ಸಸ್ಯಾಹಾರಿ. ನಿಮ್ಮ ಬ್ರೂವರ್ ಏನು ಹಾಕುತ್ತಾರೆ ಅಂತ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಸರ್ವರ್ ಊಹೆ ಮಾಡಿ "ಪ್ಯೂರ್ ವೆಜ್" ಅನ್ನಬಾರದು.

ಅಲರ್ಜಿ ಕೂಡ ಹಾಗೇ. ಬಾರ್ಲಿಯಲ್ಲಿ, ಗೋಧಿಯಲ್ಲಿ ಗ್ಲುಟೆನ್ ಅನ್ನುವ, ಕೆಲವರಿಗೆ ಆಗದ ಪ್ರೋಟೀನ್ ಇದೆ. ರಾಗಿಯಲ್ಲಿ ಇಲ್ಲ, ಆದರೆ ರಾಗಿ ಬಿಯರ್‌ಗೆ ಸಾಮಾನ್ಯವಾಗಿ ಬಾರ್ಲಿ ಮಾಲ್ಟ್ ಸೇರಿಸಿರುತ್ತಾರೆ, ಅಕ್ಕಿ ಹಾಕಿದ ಬಿಯರ್‌ಗೂ ಅಷ್ಟೇ. ರಾಗಿ ಅಂದ ಮಾತ್ರಕ್ಕೆ ಗ್ಲುಟೆನ್ ಇಲ್ಲ ಅಂತ ಹೇಳಿ ಯಾರದೋ ಆರೋಗ್ಯ ಕೆಡಿಸಬೇಡಿ. ಮಿಲ್ಕ್ ಸ್ಟೌಟ್‌ನಲ್ಲಿ ಹಾಲಿನ ಸಕ್ಕರೆ ಇರುತ್ತದೆ, ಹಾಲು ಆಗದವರಿಗೆ ಮೊದಲೇ ತಿಳಿಸಬೇಕು.

ಕುಡಿತ ಜಾಸ್ತಿಯಾದವರು. ಮಾತಿನ ಏರುದನಿ, ತಡವರಿಕೆ, ಬೇರೆ ಟೇಬಲ್ ಕಡೆ ತಿರುಗಿ ಮಾತಾಡಿಸುವುದು ಕಂಡ ಕೂಡಲೇ ನೀರು ಇಡಿ, ಏನಾದರೂ ತಿನ್ನಲು ಹೇಳಿ, ಮುಂದಿನ ಗ್ಲಾಸ್ ನಿಧಾನ ಮಾಡಿ. ನಿಲ್ಲಿಸಲೇಬೇಕು ಅಂದಾಗ ಮ್ಯಾನೇಜರ್ ಹೋಗಿ, ಸ್ನೇಹಿತರಲ್ಲಿ ಸಮಾಧಾನವಾಗಿರುವವರ ಬಳಿ ಮೆಲ್ಲಗೆ ಮಾತಾಡಲಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಓಡಿಸುವವರ 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ಮೀರಿದರೆ ಅಪರಾಧ, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. "ಒಂದೇ ಮಗ್ ಕುಡಿದಿದ್ದೀನಿ, ಓಡಿಸಬಹುದಾ?" ಅಂತ ಕೇಳಿದರೆ ಸರ್ವರ್ ಹೇಳಬೇಕಾದ್ದು ಒಂದೇ: "ಬೇಡ ಸರ್, ಕ್ಯಾಬ್ ಬುಕ್ ಮಾಡಿಕೊಡ್ತೀನಿ." ಗಾಡಿ ರಾತ್ರಿ ಅಲ್ಲೇ ಬಿಟ್ಟುಹೋಗಲು ಜಾಗ ಕೊಟ್ಟರೆ ಈ ಮಾತಿಗೆ ಬೆಲೆ ಬರುತ್ತದೆ.

ಬಿಲ್. ಆಹಾರಕ್ಕೆ ಜಿಎಸ್‌ಟಿ, ಮದ್ಯ ಜಿಎಸ್‌ಟಿ ಹೊರಗೆ, ಅದಕ್ಕೆ ರಾಜ್ಯದ ತೆರಿಗೆ. ಇದನ್ನು ಸರ್ವರ್ ಎರಡು ವಾಕ್ಯದಲ್ಲಿ ಹೇಳಬಲ್ಲವರಾಗಿರಲಿ. ಸರ್ವಿಸ್ ಚಾರ್ಜ್ ಬೇಡ ಅಂದವರ ಹತ್ತಿರ ಜಗ್ಗಾಡದೆ ತೆಗೆಯಿರಿ. ಕೊನೆಯ ಆರ್ಡರ್ ಹೊತ್ತನ್ನು ಅರ್ಧ ಗಂಟೆ ಮುಂಚೆ ಪ್ರತಿ ಟೇಬಲ್‌ಗೂ ಹೋಗಿ ತಿಳಿಸಿ, ಲೈಟ್ ಹಾಕಿ ಓಡಿಸುವುದು ಬೇಡ.

ಹೆಜ್ಜೆ 8: ಪರೀಕ್ಷೆ, ಮತ್ತೆ ಮತ್ತೆ

ಈ ಕೆಲಸದಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಹಾಗಾಗಿ ಕಲಿಸುವುದು ಒಂದು ಸಲದ ಕಾರ್ಯಕ್ರಮ ಆಗಬಾರದು. ಹೊಸಬರು ಮೊದಲ ವಾರ ಹಳಬರ ಹಿಂದೆ ಓಡಾಡಲಿ, ಟ್ಯಾಂಕ್ ಪಾಠ ಆಗಲಿ, ಹಾಳೆ ಓದಲಿ. ಆಮೇಲೆ ಬಾಯಿಮಾತಿನ ಪರೀಕ್ಷೆ: ಮ್ಯಾನೇಜರ್ ಗ್ರಾಹಕರಂತೆ ಕೂತು ಕೇಳಬೇಕು, ಅವರು ಉತ್ತರಿಸಬೇಕು. ಮೂರು ಬಿಯರ್‌ಗಳನ್ನು ಹೆಸರು ಹೇಳದೆ ಕೊಟ್ಟು ಗುರುತಿಸಲು ಹೇಳಿ. ಪಾಸಾದ ಮೇಲೆ ಒಂಟಿಯಾಗಿ ಟೇಬಲ್ ಕೊಡಿ, ಪಾಸಾಗದಿದ್ದರೆ ಬೈಯದೆ ಇನ್ನೊಂದು ವಾರ ಕೊಡಿ.

ಆಸಕ್ತಿ ತೋರಿಸಿದವರನ್ನು ಕೈಬಿಡಬೇಡಿ. ಅಮೆರಿಕದಲ್ಲಿ ರೇ ಡೇನಿಯಲ್ಸ್ ಶುರು ಮಾಡಿದ ಸಿಸೆರೋನ್ ಅನ್ನುವ ನಾಲ್ಕು ಹಂತದ ಬಿಯರ್ ಪರೀಕ್ಷೆ ಇದೆ. ಅದರ ಮೊದಲ ಹಂತವನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯಬಹುದು. ಶುಲ್ಕ ಪಬ್ ಕಟ್ಟಲಿ, ಪಾಸಾದವರಿಗೆ ಸಂಬಳದಲ್ಲಿ ಅದು ಕಾಣಲಿ. ಬ್ರೂಯಿಂಗ್ ದಿನ ಅವರನ್ನು ಬ್ರೂವರ್ ಜೊತೆ ನಿಲ್ಲಿಸಿ, ಮಾಲ್ಟ್ ಮೂಟೆ ಹೊರಲಿ, ಟ್ಯಾಂಕ್ ತೊಳೆಯಲಿ. ಹಾಗೆಯೇ ಬ್ರೂವರ್ ವಾರಕ್ಕೊಂದು ಸಂಜೆ ಟೇಬಲ್‌ಗಳ ಮಧ್ಯೆ ಓಡಾಡಬೇಕು, ಗ್ರಾಹಕರು ಏನಂತಾರೆ ಅಂತ ಅವರ ಕಿವಿಗೇ ಬೀಳಲಿ.

ಹೊಸ ಬ್ಯಾಚ್ ಟ್ಯಾಪ್‌ಗೆ ಬರುವ ದಿನ ಹಳೆಯ ಹಾಳೆ ತೆಗೆದು ಹೊಸದು ಅಂಟಿಸಿ, ಮತ್ತು ಸ್ಟಾಫ್ ರುಚಿ ನೋಡುವ ಮುಂಚೆ ಅದನ್ನು ಮೆನುಗೆ ಹಾಕಬೇಡಿ.